ಬ್ಯಾಳಿ ಕುದಿಯದ ನೀರಿನಿಂದ ಶುರುವಾದ ನಮ್ಮ ಪ್ರಾಜೆಕ್ಟ್

ಹುನಗುಂದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮೊದಲ ಸಲ ನೀರಿನ ಪರೀಕ್ಷೆ ಮಾಡಿಸಿದಾಗ ನೇರವಾಗಿ ಕಿಟ್ ತಂದು ಮೇಜಿನ ಮೇಲೆ ಇಟ್ಟಿದ್ದೆ. ಮಕ್ಕಳು ಹನಿ ಹಾಕಿದರು, ಬಣ್ಣ ನೋಡಿ ಬರೆದುಕೊಂಡರು. ಯಾಕೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಮರುವರ್ಷ ಕಿಟ್ ಕಪಾಟಿನಲ್ಲೇ ಬಿಟ್ಟು, ಮನೆಯ ನೀರಿನ ಬಗ್ಗೆ ಅವ್ವನ್ನ ಕೇಳಿಕೊಂಡು ಬನ್ನಿ ಅಂದೆ. 9ನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು, "ಸರ್, ಗುಡಿ ಮುಂದಿನ ಬೋರಿನ ನೀರಾಗ ಬ್ಯಾಳಿ ಯಾಕ ಕುದಿಯಂಗಿಲ್ರೀ?" ಅಂದಳು. ಅಲ್ಲಿಂದಲೇ ಪ್ರಾಜೆಕ್ಟ್ ಶುರು.

ಮೊದಲು ಸಾಬೂನಿನ ನೀರು ಮಾಡಿಕೊಂಡೆವು. ಎರಡು ಬಾಟಲಿಯಲ್ಲಿ ಸಮ ಅಳತೆಯ ನೀರು, ಒಂದೊಂದೇ ಹನಿ ಹಾಕಿ ಕುಲುಕುವುದು. ಶುದ್ಧ ನೀರಿನ ಘಟಕದ ನೀರಿಗೆ 6 ಹನಿಗೆ ನೊರೆ ನಿಂತಿತು. ಬೋರಿನ ನೀರಿಗೆ 30 ದಾಟಿದರೂ ನೊರೆ ಇಲ್ಲ, ಮೇಲೆ ಬಿಳಿ ಕೆನೆಯಂಥದ್ದು ತೇಲಿತು ಅಷ್ಟೇ. ಸವಳು (ಗಡಸು) ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ ಅಂತ ಆಮೇಲೆ ಹೇಳಿದೆ, ತಕ್ಷಣ ತಲೆಗೆ ಹೋಯಿತು.

ನೀರು ಹಿಡಿಯುವುದಕ್ಕೆ ಒಂದು ಇಡೀ ಪೀರಿಯಡ್ ಕೊಡಿ. ನಮ್ಮವರು ಮೊದಲ ದಿನ ಎಣ್ಣೆ ಬಾಟಲಿಯಲ್ಲೇ ತಂದಿದ್ದರು, ಎಲ್ಲ ಚೆಲ್ಲಬೇಕಾಯಿತು. ಕೈಪಂಪನ್ನು ಮೊದಲು ಕೆಲವು ನಿಮಿಷ ಹೊಡೆಯಬೇಕು, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಬೇಕು, ಜಾಗ ಮತ್ತು ಹೊತ್ತು ಬರೆದ ಚೀಟಿಯನ್ನು ಅಲ್ಲೇ ಅಂಟಿಸಬೇಕು. ಆದರೆ ರೋಗಾಣು ನೋಡುವ ಎಚ್‌2ಎಸ್ ಬಾಟಲಿಯನ್ನು ತೊಳೆಯಲೇಬಾರದು. ಗೆರೆಯವರೆಗೆ ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟು 24ರಿಂದ 48 ಗಂಟೆ ಕಾಯಬೇಕು. ಕಪ್ಪಾದರೆ ಹೊಲಸು ಸೇರಿದೆ ಅಂತ. ಕಪ್ಪಾದ ಬಾಟಲಿಗೆ ನಾನೇ ಬ್ಲೀಚಿಂಗ್ ಪೌಡರ್ ಹಾಕಿ ಚೆಲ್ಲುತ್ತೇನೆ, ಮಕ್ಕಳ ಕೈಗೆ ಕೊಡುವುದಿಲ್ಲ.

ಫ್ಲೋರೈಡ್ ವಿಷಯದಲ್ಲಿ ತುಂಬಾ ಜೋಪಾನ. ನೀರಲ್ಲಿ ಈ ಲವಣ ಜಾಸ್ತಿ ಇದ್ದರೆ ಮಕ್ಕಳ ಹಲ್ಲು ಕಂದಾಗುತ್ತವೆ. ನಮ್ಮ ಕಡೆ ಹಲ್ಲು ಕಂದಾದ ಮಕ್ಕಳು ಕ್ಲಾಸಿನಲ್ಲೇ ಇರುತ್ತಾರೆ, ಹಾಗಾಗಿ ಯಾರ ಹಲ್ಲೂ ತೋರಿಸಿ ಉದಾಹರಣೆ ಕೊಡಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕೈಪಂಪಿನ ನೀರು ಕಿಟ್‌ನ ಬಣ್ಣದ ಪಟ್ಟಿಯಲ್ಲಿ 1.5 ದಾಟಿತ್ತು. "ಕುದಿಸಿ ಕುಡಿದರ ನಡೀತದಲ್ರೀ?" ಅಂತ ಎಲ್ಲರೂ ಕೇಳಿದರು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಜಾಸ್ತಿಯೇ ಆಗುತ್ತದೆ. ಇದನ್ನು ಪ್ರತಿ ಮಗು ಮನೆಯಲ್ಲಿ ಹೇಳಲೇಬೇಕು ಅಂದೆ.

ಕಿಟ್ ತೋರಿಸುವುದು ಅಂದಾಜು ಮಾತ್ರ, ಅಲ್ವಾ? ಅದಕ್ಕೇ ಊರಲ್ಲಿ ಗಾಬರಿ ಹುಟ್ಟಿಸದೆ ಪಂಚಾಯ್ತಿಗೆ ಹೋಗಿ, ಆ ಕೈಪಂಪಿನ ನೀರನ್ನು ಲ್ಯಾಬಿಗೆ ಕಳಿಸಿ ಅಂತ ಮಕ್ಕಳೇ ಅರ್ಜಿ ಕೊಟ್ಟರು. ಈ ವರ್ಷ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅದೇ ಜಾಗಗಳ ನೀರು ಹಿಡಿಯುತ್ತೇವೆ.