ಬೇಳೆ ಡಬ್ಬದಲ್ಲಿ ಹುಳ, ಕೈಯಲ್ಲಿ ಮೊಬೈಲು

ಮೊನ್ನೆ ನಮ್ಮ ದಾವಣಗೆರೆಯ ವಿದ್ಯಾನಗರದಲ್ಲಿರುವ ತಂಗಿ ಮಗಳ ಮನೆಗೆ ಹೋಗಿದ್ದೆ. ಸಾರಿಗೆ ಇಡೋಣ ಅಂತ ತೊಗರಿಬೇಳೆ ಡಬ್ಬ ತೆಗೆದರೆ ಒಳಗೆ ದುಗ್ಗಮ್ಮನ ಜಾತ್ರೆ. ಬೇಳೆ ಒಂದಕ್ಕೊಂದು ಅಂಟಿ ಬಲೆ ಕಟ್ಟಿಕೊಂಡಿದೆ, ಹುಳ ಓಡಾಡುತ್ತಿವೆ. "ಬಿಡು ದೊಡ್ಡಮ್ಮ, ಬಿಸಾಕಿ ಬೇರೆ ತರಿಸ್ತೀನಿ" ಅಂದಳು, ಆಗಲೇ ಕೈಯಲ್ಲಿ ಮೊಬೈಲು. ಎರಡು ಕೆಜಿಗೆ ಮೇಲೆಯೇ ಇತ್ತು. ಇದೇ ಹುಡುಗಿ ಹಿಂದಿನ ವಾರ ಫೋನ್ ಮಾಡಿ, ಯಾವುದೋ ಆಫರಿನಲ್ಲಿ ಕೆಜಿಗೆ ಎಂಟು ರೂಪಾಯಿ ಕಡಿಮೆಗೆ ಸಿಕ್ಕಿತು ಅಂತ ಹೆಮ್ಮೆಯಿಂದ ಹೇಳಿದ್ದಳು. ಎಂಟು ರೂಪಾಯಿ ಉಳಿಸಿ ಎರಡು ಕೆಜಿ ಬೇಳೆ ಕಸದ ಗಾಡಿಗೆ. ರೇಗದೆ ಇನ್ನೇನಾಗುತ್ತದೆ ಹೇಳಿ?

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈಗಿನ ಹುಡುಗಿಯರಿಗೆ ಉಳಿತಾಯ ಅಂದರೆ ಕಡಿಮೆ ರೇಟಿಗೆ ತರೋದು ಅಷ್ಟೇ. ತಂದಿದ್ದನ್ನು ಕಾಪಾಡೋದು ಯಾರ ಕೆಲಸ?

ನಮ್ಮ ಮನೆಯಲ್ಲಿ ಆರು ಜನ. ವರ್ಷಕ್ಕೆ 30 ಕೆಜಿ ತೊಗರಿಬೇಳೆ ಬೇಕು. ಹೊಸ ತೊಗರಿ ಬಂದು ಬೇಳೆ ಅಂಗಡಿಗೆ ಬೀಳುವ ಹೊತ್ತಿಗೆ, ಅಂದರೆ ಶಿವರಾತ್ರಿ ಮುಗಿದು ಯುಗಾದಿ ಬರೋದರೊಳಗೆ, ಮಂಡಿಪೇಟೆಗೆ ಹೋಗಿ ಒಂದೇ ಸಲ ತಂದುಬಿಡುತ್ತೇನೆ. ಮೂಟೆ ಲೆಕ್ಕದಲ್ಲಿ ತಂದರೆ ರೇಟು ಬೇರೆಯೇ. ಕಲಬುರಗಿ ಕಡೆ ಬೇಳೆ ಕೇಳಿ ತನ್ನಿ, ಬೇಗ ಬೇಯುತ್ತದೆ, ರುಚಿಯೂ ಇದೆ. ಅದಕ್ಕೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ಬೇಳೆ ಅನ್ನುವ ಗುರುತು, ಬೇರೆ ಸಿಕ್ಕಿದೆ. ಕನ್ನಡಿ ಹಾಗೆ ಹೊಳೆಯುವ ಬೇಳೆ ಕಂಡರೆ ಮರುಳಾಗಬೇಡಿ, ಅದು ಪಾಲಿಶ್. ಒಂದು ಹಿಡಿ ತಗೊಂಡು ಬಾಯಿಗೆ ಹಾಕಿ ಕಡಿಯಿರಿ. ಕಟ್ ಅಂತ ಸದ್ದು ಬರಬೇಕು. ಮೆತ್ತಗಾದರೆ ಹಸಿ ಇದೆ ಅಂತ ಅರ್ಥ, ಅಲ್ಲೇ ಬಿಟ್ಟು ಬನ್ನಿ. ಅಂಗಡಿಯವನು ಮುಖ ನೋಡಿದರೆ ನೋಡಲಿ.

ತಂದ ಮೇಲೆ ಕೇರಬೇಕು. ಮೊರ ಎಲ್ಲಿದೆ ಅಂತ ಕೇಳಬೇಡಿ, ಮೊರ ಇಲ್ಲದ ಮನೆ ಮನೆಯಲ್ಲ. ನುಚ್ಚು, ಹಿಟ್ಟು, ಹೊಟ್ಟು ಎಲ್ಲ ಬೇರೆ ಮಾಡಿ. ಹುಳ ಮೊದಲು ಬೀಳೋದು ಈ ಪುಡಿಯಲ್ಲೇ. ನುಚ್ಚು ಎಸೆಯಬೇಡಿ, ಮೊದಲ ತಿಂಗಳ ಸಾರಿಗೆ ಅದನ್ನೇ ಖಾಲಿ ಮಾಡಿ, ಇಲ್ಲ ನುಚ್ಚಿನುಂಡೆ ಮಾಡಿ. ಆಮೇಲೆ ಮಾಳಿಗೆ ಮೇಲೆ ಹಳೇ ಕಾಟನ್ ಸೀರೆ ಹಾಸಿ ತೆಳ್ಳಗೆ ಹರವಿ ಎರಡು ದಿನ ಬಿಸಿಲು. ನಮ್ಮ ದಾವಣಗೆರೆ ಬಿಸಿಲಿಗೆ ಎರಡು ದಿನ ಧಾರಾಳ ಸಾಕು. ಮಧ್ಯಾಹ್ನ ಒಂದು ಸಲ ಕೈಯಾಡಿಸಿ, ಸಂಜೆ ನಾಲ್ಕಕ್ಕೆಲ್ಲ ಒಳಗೆ ತನ್ನಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಹೇಳುತ್ತೇನೆ. ಬಿಸಿಲಿನಿಂದ ತಂದ ಬೇಳೆಯನ್ನು ಬಿಸಿ ಬಿಸಿಯಾಗಿಯೇ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿಬಿಡುತ್ತಾರೆ. ಒಳಗೆ ಬೆವರುತ್ತದೆ. ಆ ಬೆವರಿಗೇ ಮುಗ್ಗು ಹಿಡಿಯೋದು. ಒಂದು ರಾತ್ರಿ ಪೂರ್ತಿ ನೆರಳಲ್ಲಿ, ಮೇಲೊಂದು ಬಟ್ಟೆ ಮುಚ್ಚಿ, ಆರಲು ಬಿಡಿ. ಮುಟ್ಟಿದರೆ ತಣ್ಣಗಿರಬೇಕು.

ಈಗ ಹುಳ ಬೀಳದ ಹಾಗೆ ಬೇಳೆಗೆ ಹಚ್ಚುವ ಹರಳೆಣ್ಣೆ. ಇದನ್ನು ಮಾತ್ರ ಸರಿಯಾಗಿ ಓದಿ.

ನನ್ನ ತವರು ಚಳ್ಳಕೆರೆ ಸೀಮೆ. ಶೇಂಗಾ ಹೊಲದ ಅಂಚಿಗೆಲ್ಲ ಹರಳು ಗಿಡ ಇರುತ್ತಿದ್ದವು. ಅವ್ವ ಹರಳು ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸೋಳು. ಎಣ್ಣೆ ಮೇಲೆ ತೇಲಿ ಬಂದದ್ದನ್ನು ಸೌಟಿನಲ್ಲಿ ಮೆಲ್ಲಗೆ ತೆಗೆದು ಮತ್ತೆ ಕಾಯಿಸಿ ಸೀಸೆಗೆ ತುಂಬೋಳು. ಆ ವಾಸನೆಗೆ ನಾವು ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಬೀದಿಗೆ ಓಡುತ್ತಿದ್ದೆವು. ನೆತ್ತಿಗೆ, ದೀಪಕ್ಕೆ, ಗಾಡಿ ಕೀಲಿಗೆ, ಬೇಳೆಗೆ ಎಲ್ಲಕ್ಕೂ ಅದೊಂದೇ ಎಣ್ಣೆ. ಈಗ ಯಾರೂ ಅಷ್ಟು ಮಾಡೋದು ಬೇಡ, ಗಾಣದಲ್ಲಿ ಸಿಗುತ್ತದೆ. ಔಷಧಿ ಅಂಗಡಿಯ ಪುಟ್ಟ ಬಾಟಲಿ ತರಬೇಡಿ, ಬೇಳೆಗಿಂತ ಎಣ್ಣೆಯೇ ದುಬಾರಿಯಾದರೆ ಉಳಿದದ್ದೇನು?

ಈ ಎಣ್ಣೆ ಬೇಳೆ ಮೇಲೆ ಸುರಿಯುವುದಲ್ಲ. ತಂಗಿ ಮಗಳು ಒಂದು ಸಲ ಸುರಿದಳಂತೆ, ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಒಣ ಒಣ. ಎಣ್ಣೆ ಮೊದಲು ನಿಮ್ಮ ಕೈಗೆ ಹತ್ತಬೇಕು, ಕೈಯಿಂದ ಬೇಳೆಗೆ. ಗಟ್ಟಿ ಎಣ್ಣೆ ಆದ್ದರಿಂದ ಬಟ್ಟಲನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ, ಸಡಿಲವಾಗುತ್ತದೆ. ಅಗಲವಾದ ಪರಾತದಲ್ಲಿ ನಾಲ್ಕೈದು ಬೊಗಸೆ ಬೇಳೆ ಹಾಕಿಕೊಳ್ಳಿ, ಜಾಸ್ತಿ ಬೇಡ. ಅಂಗೈ ಗುಳಿಯಲ್ಲಿ ನಿಲ್ಲುವಷ್ಟು ಎಣ್ಣೆ ತಗೊಂಡು ಎರಡೂ ಕೈಗೆ, ಬೆರಳ ಸಂದಿಗೂ, ಚೆನ್ನಾಗಿ ಸವರಿಕೊಳ್ಳಿ. ಆಮೇಲೆ ಬೇಳೆಯನ್ನು ಎರಡು ಅಂಗೈ ನಡುವೆ ಹಿಡಿದು ಮೆಲ್ಲಗೆ ಉಜ್ಜುತ್ತಾ ಬಿಡಬೇಕು, ಮತ್ತೆ ತಳದಿಂದ ಎತ್ತಬೇಕು, ಮತ್ತೆ ಉಜ್ಜಬೇಕು, ಮಗುವಿಗೆ ಎಣ್ಣೆ ತಿಕ್ಕುವ ಹಾಗೆ, ಅವಸರ ಇಲ್ಲದೆ. ಚಮಚದಲ್ಲಿ ತಿರುವಿದರೆ ಆಗುವುದಿಲ್ಲ. ಟಿವಿ ನೋಡುತ್ತಾ ಮಾಡಿ, ಬೇಡ ಅಂದವರು ಯಾರು, ಕೈ ಮಾತ್ರ ನಿಲ್ಲಬಾರದು. ಬೇಳೆಯ ಬಿಳಿ ಧೂಳು ಹೋಗಿ ಬಣ್ಣ ಏರುತ್ತದೆ. ಆಗ ಒಂದು ಹಿಡಿ ತೆಗೆದು ನ್ಯೂಸ್ ಪೇಪರಿನ ಮೇಲಿಡಿ. ಪೇಪರಿಗೆ ಎಣ್ಣೆ ಕಲೆ ಹರಡಿದರೆ ಜಾಸ್ತಿ ಆಯಿತು, ಇನ್ನೆರಡು ಬೊಗಸೆ ಒಣ ಬೇಳೆ ಸೇರಿಸಿ. ಕಲೆ ಇಲ್ಲ, ಆದರೆ ಬೇಳೆ ಬೆರಳಿಗೆ ನುಣ್ಣಗೆ ಜಾರುತ್ತದೆ ಅಂದರೆ ಸರಿಯಾಗಿದೆ. ಎಣ್ಣೆ ಹತ್ತಿದ ಬೇಳೆಗೆ ಹುಳ ಮೊಟ್ಟೆ ಅಂಟಿಸೋಕೆ ಆಗುವುದಿಲ್ಲ, ಇಟ್ಟರೂ ಉಸಿರು ಕಟ್ಟಿ ಮರಿ ಏಳುವುದಿಲ್ಲ. ಎಲ್ಲ ಬೇಳೆಗೂ ಹೀಗೇ, ಕಂತು ಕಂತಾಗಿ. ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ.

ಕೈಯಲ್ಲಿ ಉಳಿದ ಎಣ್ಣೆ ಸೋಪು ಹಾಕಿ ತೊಳೆಯಬೇಡಿ ಮಾರಾಯ್ತಿಯರೇ. ಈಳಿಗೆ ಮಣೆ ಅಲಗಿಗೆ ಸವರಿ, ಬಾಗಿಲ ಕೀಲಿಗೆ ಸವರಿ, ರೊಟ್ಟಿ ಹಂಚಿಗೂ ಒಂದು ಕೈ. ಹಂಚು ಅಂದಾಗ ನೆನಪಾಯಿತು, ಕಬ್ಬಿಣದ ಹಂಚನ್ನು ಪಾತ್ರೆ ಸೋಪು ಹಾಕಿ ತಂತಿ ಬ್ರಷ್ಷಿನಲ್ಲಿ ಉಜ್ಜಿ ರಾತ್ರಿಯೆಲ್ಲ ಒದ್ದೆ ಬಿಟ್ಟು, ಬೆಳಿಗ್ಗೆ ತುಕ್ಕು ಹಿಡಿಯಿತು, ರೊಟ್ಟಿ ಅಂಟುತ್ತದೆ ಅಂತ ನಾನ್‌ಸ್ಟಿಕ್ ತರುತ್ತಾರೆ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ನನ್ನ ಹಂಚು ನನ್ನ ಅತ್ತೆ ಕಾಲದ್ದು.

ಡಬ್ಬ ತಗಡಿನದಾದರೂ ಸ್ಟೀಲಿನದಾದರೂ ಒಣಗಿರಬೇಕು. ತಳಕ್ಕೂ ಮೇಲಕ್ಕೂ ಬೇವಿನೆಲೆ. ನೆರಳಲ್ಲಿ ಒಣಗಿಸಿ, ಮುರಿದರೆ ಪುಡಿಯಾಗುವ ಹಾಗಿರಬೇಕು. ಹಸಿ ಎಲೆ ಹಾಕಿದರೆ ಬೂಷ್ಟು ನೀವೇ ಕರೆದ ಹಾಗೆ. ಡಬ್ಬ ಅಲ್ಲಾಡಿಸಿ ಅಲ್ಲಾಡಿಸಿ ಕಂಠದವರೆಗೆ ತುಂಬಿ, ಗಾಳಿಗೆ ಜಾಗ ಬಿಡಬೇಡಿ. ನಮ್ಮತ್ತೆ ಇದನ್ನೆಲ್ಲ ಅಮಾವಾಸ್ಯೆ ದಿನವೇ ತುಂಬಬೇಕು ಅನ್ನೋರು. ನಾನು ಬಿಡುವಾದ ದಿನ ತುಂಬುತ್ತೇನೆ, ಹುಳ ಏನೂ ಪಂಚಾಂಗ ನೋಡಿ ಬಂದಿಲ್ಲ. ದೊಡ್ಡ ಡಬ್ಬ ತಿಂಗಳಿಗೊಮ್ಮೆ ತೆಗೆಯಿರಿ, ದಿನದ ಬಳಕೆಗೆ ಚಿಕ್ಕ ಡಬ್ಬ ಬೇರೆ ಇರಲಿ. ಒದ್ದೆ ಕೈ ಹಾಕಿದವರ ಕೈಗೆ ಒಂದು ಏಟು.

"ಹರಳೆಣ್ಣೆ ಹಾಕಿದರೆ ಹೊಟ್ಟೆ ಕೆಡಲ್ವಾ ದೊಡ್ಡಮ್ಮ?" ಅಂತ ಕೇಳಿದಳು. ಬೇಯಿಸುವ ಮುಂಚೆ ಉಗುರು ಬೆಚ್ಚಗಿನ ನೀರಲ್ಲಿ ಎರಡು ಸಲ ಉಜ್ಜಿ ತೊಳೆಯಬೇಕು, ಅಷ್ಟೇ. ತೊಳೆದ ಬೇಳೆ ಅರ್ಧ ಗಂಟೆ ನೆನೆಯಲಿ. ನೆನೆದ ಬೇಳೆಗೆ ಎರಡು ಸೀಟಿ ಕಡಿಮೆ ಸಾಕು, ಗ್ಯಾಸೂ ಉಳಿಯಿತು. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ. ಪಾತ್ರೆಯ ಪಕ್ಕದಿಂದ ಮೇಲೆ ಹತ್ತುವ ಉರಿ ಅಡುಗೆಗಲ್ಲ, ಗೋಡೆಗೆ.

ಜೋಳವನ್ನೂ ವರ್ಷಕ್ಕೆ ತಂದಿಡಿ, ಆದರೆ ಹಿಟ್ಟು ವಾರಕ್ಕಾಗುವಷ್ಟೇ ಗಿರಣಿಗೆ ಹಾಕಿಸಿ. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ಕಹಿ ಬರುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಮಂಡಕ್ಕಿ ಮೆತ್ತಗಾದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ. ಇದನ್ನು ಈ ಊರಲ್ಲಿ ಹೇಳಬೇಕಾಗಿ ಬಂತಲ್ಲ.

ಕರೆಂಟಿನ ವಿಷಯಕ್ಕೆ ಒಂದೇ ಮಾತು. 2023ರಿಂದ ಗೃಹಜ್ಯೋತಿ ಇದೆ, ಬಿಲ್ಲು ಬರಲ್ಲ ಅಂತ ಗೀಸರ್ ಹಾಕಿ ಮರೆತು ವಾಕಿಂಗ್ ಹೋಗುತ್ತಾರೆ. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ತಿಂಗಳಿಗೆ 200 ಯೂನಿಟ್ ದಾಟಿತೋ, ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ನಿಮ್ಮದೇ. ಹಿತ್ತಲಿದ್ದವರು ಹಂಡೆ ಒಲೆ ಕೀಳಿಸಬೇಡಿ. ತೆಂಗಿನ ಚಿಪ್ಪು, ಕಾಳು ಉದುರಿಸಿದ ಮೆಕ್ಕೆಜೋಳದ ಬೆಂಡು ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ, ನಾಲ್ಕು ಜನರ ಸ್ನಾನ ಆಗುತ್ತದೆ.

ಅವಳ ಮನೆಯ ಆ ಎರಡು ಕೆಜಿ ಬೇಳೆ ಏನಾಯಿತು ಅಂತೀರಾ? ಬಲೆ ಕಟ್ಟಿ ಮುಗ್ಗು ವಾಸನೆ ಹೊಡೆಯುತ್ತಿತ್ತು, ಅದು ಹೋಯಿತು. ಹೊಸದಾಗಿ ಹತ್ತು ಕೆಜಿ ತರಿಸಿ, ಅವಳನ್ನೇ ಪರಾತದ ಮುಂದೆ ಕೂರಿಸಿ ಉಜ್ಜಿಸಿದೆ. ಮೊದಲ ಬೊಗಸೆಗೇ "ಕೈ ನೋಯ್ತಿದೆ ದೊಡ್ಡಮ್ಮ" ಅಂದಳು. ಇನ್ನೂ ಒಂಬತ್ತು ಕೆಜಿ ಇದೆ, ಮಾತು ಕಡಿಮೆ ಮಾಡು ಅಂದೆ.