ಮೊದಲು ನಿದ್ದೆಯ ಲೆಕ್ಕ, ಆಮೇಲೆ ಊರು: ಮಕ್ಕಳೊಂದಿಗೆ ನಿಧಾನ ಪ್ರವಾಸ

ಪ್ರವಾಸದ ದಿನಾಂಕ ಗೊತ್ತಾದ ಮೇಲೆ ನಾನು ಮೊದಲು ಮಾಡುವುದು ಒಂದು ವಾರ ಮಗುವಿನ ದಿನಚರಿ ಬರೆದಿಡುವ ಕೆಲಸ. ಎಷ್ಟಕ್ಕೆ ಏಳುತ್ತದೆ, ಹಗಲು ಎಷ್ಟು ಹೊತ್ತು ಮಲಗುತ್ತದೆ, ಯಾವಾಗ ಹಸಿಯುತ್ತದೆ, ಯಾವಾಗ ರಚ್ಚೆ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 1–2 ವರ್ಷದ ಮಗುವಿಗೆ ದಿನಕ್ಕೆ 11–14 ಗಂಟೆ, 3–4 ವರ್ಷದ ಮಗುವಿಗೆ 10–13 ಗಂಟೆ ನಿದ್ದೆ ಬೇಕು, ಹಗಲ ನಿದ್ದೆಯೂ ಸೇರಿ. ಈ ಅಂಕಿಯೇ ಇಡೀ ಯೋಜನೆಯ ತಳಪಾಯ.

ಲೆಕ್ಕ ಹೀಗೆ. ಎರಡು ವರ್ಷದ ಮಗು 13 ಗಂಟೆ ಮಲಗಿದರೆ ಎಚ್ಚರವಿರುವುದು 11 ಗಂಟೆ. ಊಟ, ಸ್ನಾನ, ಬಟ್ಟೆ ಬದಲಿಸುವುದಕ್ಕೆ 4 ಗಂಟೆ, ಮಗು ತನ್ನ ಪಾಡಿಗೆ ಆಡುವುದಕ್ಕೆ 3 ಗಂಟೆ ತೆಗೆದರೆ ಉಳಿಯುವುದು ನಾಲ್ಕೇ. ಹೋಗಿಬರುವ ಹೊತ್ತೂ ಅದರಲ್ಲೇ ಮುಗಿಯಬೇಕು. ಹಾಗಾಗಿ ದಿನಕ್ಕೆ ಒಂದೇ ಜಾಗ, ಅದೂ ಬೆಳಿಗ್ಗೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ಏಳು ದಿನಕ್ಕೆ ಎರಡು ಊರು ಸಾಕು, ಒಂದೊಂದರಲ್ಲೂ ಕನಿಷ್ಠ ಮೂರು ರಾತ್ರಿ. ಹೊಸ ಕೋಣೆಯಲ್ಲಿ ಮೊದಲ ರಾತ್ರಿ ಮಗು ಸರಿಯಾಗಿ ಮಲಗುವುದು ಅಪರೂಪ. ಎರಡನೇ ದಿನವೇ ಊರು ಬದಲಿಸಿದರೆ ಆ ಮೊದಲ ರಾತ್ರಿ ಮತ್ತೆ ಮತ್ತೆ ಬರುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೊಂದಿದ್ದರೆ ಸಾಕು, ಸೆಕೆಯಲ್ಲೂ ನೀರು ಬೇಕಿಲ್ಲ. ಕಾರಿನಲ್ಲಿ ಹಿಂಬದಿಗೆ ಮುಖ ಮಾಡಿದ ಮಕ್ಕಳ ಸೀಟು ಬಳಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ ಕೂಸನ್ನು ಎತ್ತಿಕೊಳ್ಳಬೇಕು. ಬಹಳ ಹೊತ್ತು ಹಾಗೇ ಬಿಟ್ಟರೆ ಕತ್ತು ಮುಂದಕ್ಕೆ ಬಾಗಿ ಉಸಿರಿಗೆ ತೊಡಕಾಗಬಹುದು. ವಿಮಾನ ಇಳಿಯುವುದಕ್ಕೆ ಸುಮಾರು ಅರ್ಧ ಗಂಟೆ ಮುಂಚೆಯೇ ಕೆಳಗಿಳಿಯತೊಡಗುತ್ತದೆ. ಒಂದು ಸಲದ ಹಾಲನ್ನು ಆ ಹೊತ್ತಿಗೆ ಉಳಿಸಿಕೊಳ್ಳುತ್ತೇನೆ. ಚೀಪಿ ನುಂಗುವಾಗ ಕಿವಿಯೊಳಗಿನ ಒತ್ತಡ ಸರಿಹೋಗುತ್ತದೆ.

ಅಂಬೆಗಾಲಿಡುವ ಮಗುವಿದ್ದರೆ, ಕೋಣೆಗೆ ಕಾಲಿಟ್ಟ ಕೂಡಲೇ ನಾನೂ ಮಂಡಿಯೂರಿ ಒಂದು ಸುತ್ತು ಬರುತ್ತೇನೆ. ಮಂಚದಡಿಯ ನಾಣ್ಯ, ಜೋತುಬಿದ್ದ ವೈರು, ಬಾತ್‌ರೂಮಿನಲ್ಲಿ ತುಂಬಿಟ್ಟ ಬಕೆಟ್ಟು ಕಣ್ಣಿಗೆ ಬೀಳುವುದು ಆ ಎತ್ತರದಿಂದಲೇ. ಬಾಲ್ಕನಿಯ ಸರಳುಗಳ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಕೋಣೆ ಬದಲಿಸಿಕೊಡಿ ಎನ್ನುತ್ತೇನೆ.

ಹೆಚ್ಚು ಯೋಚನೆ ಬೇಡುವುದು ಎರಡರಿಂದ ನಾಲ್ಕು ವರ್ಷ. ಈ ವಯಸ್ಸಿನ ಮಗು ಪ್ರತಿ ಕಲ್ಲಿಗೂ, ಪ್ರತಿ ಇರುವೆಗೂ ನಿಲ್ಲುತ್ತದೆ, ನಿಲ್ಲಲೇಬೇಕು. ಮ್ಯಾಪು 10 ನಿಮಿಷದ ನಡಿಗೆ ಎಂದರೆ ನಾನು 30 ನಿಮಿಷ ಬರೆದುಕೊಳ್ಳುತ್ತೇನೆ. ಆ ನಿಮಿಷಗಳನ್ನು ಕೊಡದೆ ದರದರ ಎಳೆದುಕೊಂಡು ಹೋದಾಗಲೇ ನಡುರಸ್ತೆಯ ರಂಪ ಶುರುವಾಗುವುದು. ‘ಮುಂದಿನ ವಾರ’ ಎಂಬುದು ಆ ವಯಸ್ಸಿಗೆ ಅರ್ಥವಾಗದು. ‘ಇನ್ನು ಮೂರು ಸಲ ಮಲಗಿ ಏಳಬೇಕು’ ಎಂದು ಬೆರಳು ಮಡಿಸಿ ತೋರಿಸಿದರೆ ಅರ್ಥವಾಗುತ್ತದೆ. ದಿನದ ಕೆಲಸವನ್ನು ನಾಲ್ಕು ಚಿತ್ರಗಳಲ್ಲಿ ಬರೆದು ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು. ಶೌಚದ ಅಭ್ಯಾಸವಾದ ಮಗು ಹೊಸ ಜಾಗದಲ್ಲಿ ಚಡ್ಡಿ ಒದ್ದೆ ಮಾಡಿಕೊಳ್ಳುವುದು ತೀರಾ ಸಹಜ, ಗದರಬೇಡಿ. ಕೈಚೀಲದಲ್ಲೇ ಎರಡು ಜೊತೆ ಬಟ್ಟೆ ಇರಲಿ. ಹೊಸದಾಗಿ ಆ ಅಭ್ಯಾಸ ಕಲಿಸುವುದನ್ನು ಪ್ರವಾಸದ ಹತ್ತಿರದ ದಿನಗಳಲ್ಲಿ ಶುರುಮಾಡಬೇಡಿ.

ವಾಹನದಲ್ಲಿ ವಾಂತಿ ಹೆಚ್ಚಾಗಿ ಕಾಡುವುದು 2ರಿಂದ 12 ವರ್ಷದವರೆಗೆ. ಒಳಗಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಪುಸ್ತಕಕ್ಕೋ ಫೋನಿಗೋ ಅಂಟಿದ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ತಕರಾರೇ ಕಾರಣ. ಮಗು ಸುಮ್ಮನಿರಲೆಂದು ತಿರುವಿನ ದಾರಿಯಲ್ಲಿ ಫೋನು ಕೊಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಮುಂದಿನ ದಾರಿ ಕಾಣುವಂತೆ ಕೂರಿಸಿ, ಕಿಟಕಿ ಸ್ವಲ್ಪ ತೆರೆದು, ದೂರದ್ದನ್ನು ತೋರಿಸುತ್ತಾ ಮಾತಾಡಿಸುತ್ತೇನೆ. ಹೊಟ್ಟೆ ಬಿರಿಯ ತಿನ್ನಿಸುವುದಿಲ್ಲ, ಖಾಲಿಯೂ ಬಿಡುವುದಿಲ್ಲ. ಮಾತ್ರೆ ಬೇಕಾದರೆ ತೂಕ ನೋಡಿ ಪ್ರಮಾಣ ಹೇಳಲು ವೈದ್ಯರೇ ಬೇಕು.

ವಾಂತಿ-ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಅಂದರೆ ಓಆರ್‌ಎಸ್ ಪೊಟ್ಟಣ ನನ್ನ ಚೀಲದಲ್ಲಿ ಸದಾ ಇರುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು. ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿಬಿಡಿ.

ಬೆಟ್ಟದ ಊರಾದರೆ 2,500 ಮೀಟರ್ ದಾಟಿದ ಮೇಲೆ ಎಚ್ಚರ ಬೇಕು. ಮಾತು ಬಾರದ ಮಗು ತಲೆನೋವೆಂದು ಹೇಳಲಾರದು. ಊಟ ಬೇಡವೆನ್ನುವುದು, ಸುಮ್ಮನೆ ಕಿರಿಕಿರಿ, ವಾಂತಿ ಕಂಡರೆ ಎತ್ತರವೇ ಕಾರಣವೆಂದು ತಿಳಿದು ಕೆಳಗಿಳಿಯುವುದು ಕ್ಷೇಮ. 3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು.

ಏಳು ವರ್ಷ ದಾಟಿದ ಮಕ್ಕಳ ಕೈಗೆ ಮ್ಯಾಪು ಕೊಟ್ಟು, ನಾವು ಒಪ್ಪಿದ ಎರಡು ಜಾಗಗಳಲ್ಲಿ ಒಂದನ್ನು ಆರಿಸಲು ಬಿಡುತ್ತೇನೆ. ಹತ್ತು ದಾಟಿದವರಿಗೆ ಖರ್ಚಿನ ಮಿತಿ ಹೇಳಿ ಅರ್ಧ ದಿನದ ಯೋಜನೆಯನ್ನೇ ಒಪ್ಪಿಸಬಹುದು. ಹದಿಹರೆಯದವರ ದೇಹದ ಗಡಿಯಾರ ತಡರಾತ್ರಿಯ ಕಡೆ ಸರಿದಿರುತ್ತದೆ, ಅವರಿಗೂ 8–10 ಗಂಟೆ ನಿದ್ದೆ ಬೇಕು. ಅವರ ಜೊತೆ ನಸುಕಿಗೆ ಹೊರಡುವುದನ್ನು ಇಡೀ ಪ್ರವಾಸದಲ್ಲಿ ಒಂದೇ ದಿನಕ್ಕೆ ಇಟ್ಟುಕೊಳ್ಳುತ್ತೇನೆ.

ಮನೆಗೆ ಮರಳಿದ ಮರುದಿನವೇ ಶಾಲೆ ಬರದಂತೆ ಟಿಕೆಟ್ ಮಾಡಿಸುತ್ತೇನೆ. ನಡುವಿನ ಆ ಒಂದು ದಿನ ಹೊರಗಿನ ಕೆಲಸ ಯಾವುದೂ ಇಲ್ಲ: ಬಟ್ಟೆ ಒಗೆಯುವುದು, ಮಕ್ಕಳು ಆಯ್ದು ತಂದ ಕಲ್ಲು, ಎಲೆ, ಟಿಕೆಟ್ಟಿನ ಚೂರುಗಳನ್ನು ನೆಲದ ಮೇಲೆ ಹರಡಿಕೊಂಡು ಕೂರುವುದು, ರಾತ್ರಿ ಹಳೆಯ ಹೊತ್ತಿಗೇ ದೀಪ ಆರಿಸುವುದು.