ಕೈ ಸಡಿಲ, ಕಾಲು ಬಿಗಿ

ಧಾರವಾಡದಲ್ಲಿ ಹದಿನಾರು ವರ್ಷಗಳಿಂದ ಆಪ್ತಸಮಾಲೋಚಕಿಯಾಗಿರುವ ನಾನು ನಾಯಿಗೆ ಹೆದರುವವರು, ಲಿಫ್ಟ್ ಹತ್ತಲಾರದವರು, ಹಲ್ಲಿ ಕಂಡ ದಿನ ಅಡುಗೆಮನೆಗೇ ಕಾಲಿಡದವರು ಹೀಗೆ ಹಲವರ ಭೀತಿಯನ್ನು ಇಳಿಸಲು ನೆರವಾಗಿದ್ದೇನೆ. ಆದರೆ ಅದೇ ಅವಧಿಯಲ್ಲಿ ಒಂಬತ್ತು ವರ್ಷ ನಾನು ಒಮ್ಮೆಯೂ ರಕ್ತ ತಪಾಸಣೆ ಮಾಡಿಸಿಕೊಂಡಿರಲಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಥೈರಾಯ್ಡ್ ಇರಬಹುದೆಂದು ವೈದ್ಯರು ಬರೆದುಕೊಟ್ಟಿದ್ದ ಚೀಟಿ, ನನ್ನ ವ್ಯಾನಿಟಿ ಬ್ಯಾಗಿನೊಳಗೆ ಮಡಿಕೆಯ ಗುಂಟ ಹರಿಯುವಷ್ಟು ಹಳೆಯದಾಗಿತ್ತು.

ಹೆದರಿಕೆ ಎಲ್ಲರಿಗೂ ಇರುತ್ತದೆ. ಆದರೆ ಇರುವ ಅಪಾಯವನ್ನು ಮೀರಿದ ಭಯವು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದು, ಭಯದ ವಸ್ತುವಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಮನುಷ್ಯ ತನ್ನ ಓದು, ಉದ್ಯೋಗ, ಆರೋಗ್ಯಗಳನ್ನು ಹೊಂದಿಸಿಕೊಳ್ಳತೊಡಗಿದಾಗ ಅದನ್ನು ಫೋಬಿಯಾ ಎನ್ನುತ್ತೇವೆ. ನನ್ನ ದೃಷ್ಟಿಯಲ್ಲಿ ಭಯಕ್ಕಿಂತ ಈ ತಪ್ಪಿಸಿಕೊಳ್ಳುವಿಕೆಯೇ ಹೆಚ್ಚು ಹಾನಿ ಮಾಡುತ್ತದೆ. ಹಾವೇರಿ ಕಡೆಯಿಂದ ಓದಲು ಬಂದಿದ್ದ ಹುಡುಗನೊಬ್ಬ ಸಪ್ತಾಪುರದ ತನ್ನ ಕೋಣೆಯಿಂದ ಐದು ನಿಮಿಷದಲ್ಲಿ ಮುಟ್ಟಬಹುದಾದ ಕೋಚಿಂಗ್ ಕ್ಲಾಸಿಗೆ, ನಾಯಿಗಳಿಲ್ಲದ ಓಣಿಗಳನ್ನು ಹುಡುಕುತ್ತ ಅರ್ಧ ಗಂಟೆ ಸುತ್ತಿ ಹೋಗುತ್ತಿದ್ದ. ಓಣಿ ಬದಲಿಸಿದೊಡನೆ ಸಿಗುತ್ತಿದ್ದ ನೆಮ್ಮದಿಯೇ ಮರುದಿನದ ಭಯಕ್ಕೆ ಗೊಬ್ಬರವಾಗುತ್ತಿತ್ತು.

ಅವನಿಗೆ ನಾನು ಕಲಿಸಿದ್ದು ಹಳೆಯ ಮತ್ತು ನಂಬಿಕೆಗೆ ಅರ್ಹವಾದ ದಾರಿ. ಮೊಲಕ್ಕೆ ಹೆದರುತ್ತಿದ್ದ ಮಗುವಿನ ಸಮೀಪಕ್ಕೆ, ಅದು ಇಷ್ಟದ ತಿನಿಸು ತಿನ್ನುತ್ತಿರುವಾಗ, ಮೊಲವನ್ನು ಹಂತಹಂತವಾಗಿ ತಂದು ಭಯ ಕಳೆದ ಪ್ರಯೋಗವನ್ನು ಮೇರಿ ಕವರ್ ಜೋನ್ಸ್ 1924ರಲ್ಲೇ ವರದಿ ಮಾಡಿದ್ದರು. ಭಯವೂ ವಿಶ್ರಾಂತಿಯೂ ಒಂದೇ ಮೈಯಲ್ಲಿ ಒಟ್ಟಿಗೆ ಇರಲಾರವು ಎಂಬ ತರ್ಕದ ಮೇಲೆ ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ಅದನ್ನು ಕ್ರಮಬದ್ಧ ಚಿಕಿತ್ಸೆಯಾಗಿ ಬೆಳೆಸಿದರು. ಸ್ನಾಯುಗಳನ್ನು ಸಡಿಲಿಸು, ಉಸಿರನ್ನು ನಿಧಾನಗೊಳಿಸು, ಭಯದ ವಸ್ತುವಿನತ್ತ ಒಂದು ಮೆಟ್ಟಿಲು ಹತ್ತು, ಭಯ ಇಳಿಯುವವರೆಗೆ ಅಲ್ಲೇ ನಿಲ್ಲು. ಹುಡುಗ ಎರಡು ತಿಂಗಳಲ್ಲಿ ನೇರ ದಾರಿ ಹಿಡಿದ.

ನನ್ನ ಕಥೆ ಬೇರೆ. ಹನ್ನೊಂದನೆಯ ವಯಸ್ಸಿನಲ್ಲಿ, ಈಳಿಗೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದ ಅಜ್ಜಿಯ ಬೆರಳಿನಿಂದ ರಕ್ತ ಒಸರಿದ್ದನ್ನು ಕಂಡು ನಾನು ನಿಂತಲ್ಲೇ ಕುಸಿದಿದ್ದೆ. ಅಜ್ಜಿ ತನ್ನ ಗಾಯ ಮರೆತು, ಉಳ್ಳಾಗಡ್ಡಿ ಜಜ್ಜಿ ನನ್ನ ಮೂಗಿಗೆ ಹಿಡಿದಿದ್ದಳಂತೆ. ಗಾಳಿ ಸೋಕಿದೆ ಎಂದರು ಕೆಲವರು. ನಮ್ಮಪ್ಪನೂ ರಕ್ತ ಕಂಡರೆ ಹೀಗೆಯೇ ಬೀಳುತ್ತಾನೆಂಬುದು ಯಾರಿಗೂ ಆಗ ನೆನಪಾಗಲಿಲ್ಲ.

ಕಡೆಗೂ ಚೀಟಿ ಹಿಡಿದು ಪ್ರಯೋಗಾಲಯವೊಂದಕ್ಕೆ ಹೋದ ದಿನ, ಬೇರೆಯವರಿಗೆ ಕಲಿಸಿದ್ದನ್ನೇ ಚಾಚೂ ತಪ್ಪದೆ ಮಾಡಿದೆ. ಭುಜ ಸಡಿಲಿಸಿದೆ, ಉಸಿರನ್ನು ನೀಳವಾಗಿ ಬಿಟ್ಟೆ. ರಕ್ತ ತೆಗೆಯುವ ಹುಡುಗ, ಆ ತಮ್ಮ, ಸ್ಪಿರಿಟ್ ಹತ್ತಿಯಿಂದ ಮೊಣಕೈ ಒಳಭಾಗವನ್ನು ಒರೆಸುವಷ್ಟರಲ್ಲಿ ಕಿವಿಯೊಳಗೆ ಗುಂಯ್ ಎಂದಿತು, ಹಣೆಯಲ್ಲಿ ತಣ್ಣನೆಯ ಬೆವರೊಡೆಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ; ಸೂಜಿ ಇನ್ನೂ ಪ್ಯಾಕೆಟ್ಟಿನಲ್ಲೇ ಇತ್ತು.

ನಾಚಿಕೆ ಕಳೆಯಲು ವಾರ ಹಿಡಿಯಿತು. ಆಮೇಲೆ ಹಳೆಯ ಟಿಪ್ಪಣಿಗಳನ್ನು ತೆರೆದಾಗ, ಓದುವಾಗ ಪರೀಕ್ಷೆಗಷ್ಟೇ ಎಂದು ದಾಟಿಹೋಗಿದ್ದ ಸಂಗತಿ ಕಣ್ಣಿಗೆ ಬಿತ್ತು. ನಾಯಿಗೋ ಎತ್ತರಕ್ಕೋ ಹೆದರಿದವನ ಎದೆಬಡಿತ ಮತ್ತು ರಕ್ತದೊತ್ತಡಗಳು ಏರಿ, ಏರಿದ ಮಟ್ಟದಲ್ಲೇ ಇರುತ್ತವೆ. ಆದ್ದರಿಂದ ತಲೆ ತಿರುಗಿದಂತೆನಿಸಿದರೂ ಅವನು ಎಚ್ಚರ ತಪ್ಪುವುದು ತೀರ ಅಪರೂಪ. ರಕ್ತ, ಗಾಯ, ಸೂಜಿಗಳ ಭೀತಿಯಲ್ಲಿ ಮಾತ್ರ ಅವು ಮೊದಲು ಏರಿ, ಮರುಕ್ಷಣವೇ ಥಟ್ಟನೆ ಕುಸಿಯುತ್ತವೆ. ಮಿದುಳಿಗೆ ಹರಿಯುವ ರಕ್ತ ಕಡಿಮೆಯಾಗಿ ಮನುಷ್ಯ ಬೀಳುತ್ತಾನೆ. ಇದು ಮನೆತನಗಳಲ್ಲಿ ಹರಿದುಬರುವುದೂ ಉಂಟು. ಹೀಗೆ ಒತ್ತಡ ಇಳಿಯುತ್ತಿರುವ ಮೈಯನ್ನು ನಾನು ವಿಶ್ರಾಂತಿಯ ಹೆಸರಿನಲ್ಲಿ ಇನ್ನಷ್ಟು ಇಳಿಸಿದ್ದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಮತ್ತು ಅವರ ಸಹೋದ್ಯೋಗಿ 1987ರಲ್ಲಿ ವಿವರಿಸಿದ 'ಅಪ್ಲೈಡ್ ಟೆನ್ಷನ್' ಎಂಬ ವಿಧಾನ ಇದಕ್ಕೆ ಪೂರ್ತಿ ವಿರುದ್ಧವಾದದ್ದನ್ನು ಹೇಳುತ್ತದೆ: ಬಿಗಿಹಿಡಿ.

ಕುರ್ಚಿಯಲ್ಲಿ ಕುಳಿತು ತೋಳು, ಹೊಟ್ಟೆ, ತೊಡೆಗಳನ್ನು ಹತ್ತು-ಹದಿನೈದು ಸೆಕೆಂಡು, ಮುಖಕ್ಕೆ ಬಿಸಿ ಏರುವವರೆಗೆ ಬಿಗಿಹಿಡಿಯಬೇಕು. ಇಪ್ಪತ್ತು-ಮೂವತ್ತು ಸೆಕೆಂಡು ಬಿಡಬೇಕು. ಹೀಗೆ ಐದು ಸಲ. ಬಿಡುವಾಗ ಮೈಯನ್ನು ಪೂರ್ತಿ ಸಡಿಲಿಸದೆ ಸಹಜ ಸ್ಥಿತಿಗೆ ಮಾತ್ರ ತರಬೇಕು, ಬಹುತೇಕರು ತಪ್ಪುವುದು ಇಲ್ಲಿಯೇ. ಬಿಪಿ, ಹೃದಯದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಎರಡು ವಾರ ಬೆಳಿಗ್ಗೆ ಚಹಾಕ್ಕೆ ಮೊದಲು ಇದನ್ನೇ ಮಾಡಿದೆ. ಬಳಿಕ ಔಷಧಿ ಅಂಗಡಿಯಿಂದ ಒಂದು ಸಿರಿಂಜ್ ತಂದು, ಪ್ಯಾಕೆಟ್ ಒಡೆಯದೆ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಮೊದಲ ದಿನ ಡಬ್ಬಿಯ ಮುಚ್ಚಳ ತೆಗೆದು ನೋಡುವುದಷ್ಟೇ ಕೆಲಸ. ನಾಲ್ಕನೆಯ ದಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡೆ, ಒಂಬತ್ತನೆಯ ದಿನ ಒಡೆದು ಸೂಜಿಯ ಓರೆ ಮೊನೆಯನ್ನು ನೋಡಿದೆ. ಕಿವಿಯಲ್ಲಿ ಗುಂಯ್ ಎಂದ ಕೂಡಲೇ ತೊಡೆ ಬಿಗಿಹಿಡಿಯುವುದು ಕೈಗೂಡಿದ್ದು ಆ ಡಬ್ಬಿಯ ಮುಂದೆಯೇ. ಮಗಳು ಮಾತ್ರ, 'ಅವ್ವಾ, ಡಬ್ಬಿಗೆ ಪೂಜಿ ಮಾಡಾಕತ್ತೀಯೇನ?' ಎಂದು ನಗುತ್ತಿದ್ದಳು.

ನಡುವೆ, ಹೀಗೊಂದು ಸಣ್ಣ ಸಂಗತಿಗೆ ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿಕೊಳ್ಳಬೇಕೆ ಎಂದು ನನ್ನಲ್ಲಿ ಕೇಳುವವರು ಬಹಳ. ಅಲ್ಲಿಗೆ ಹೋದವರನ್ನು ಇಂದಿಗೂ ಬೇರೆ ಕಣ್ಣಿನಿಂದ ನೋಡುವ ನಮ್ಮೂರಲ್ಲಿ, ಹೋಗದೆ ಉಳಿದವರ ಚೀಟಿಗಳು ಎಷ್ಟು ಬ್ಯಾಗುಗಳಲ್ಲಿ ಹರಿಯುತ್ತಿವೆಯೋ.

ಆರನೆಯ ವಾರ ಅದೇ ಪ್ರಯೋಗಾಲಯಕ್ಕೆ ಹೋಗಿ, ಹಿಂದೆ ಬಿದ್ದದ್ದನ್ನು ಮೊದಲೇ ತಿಳಿಸಿ, ಮಲಗಿಸಿ ರಕ್ತ ತೆಗೆಯಲು ಕೇಳಿಕೊಂಡೆ. ಆ ತಮ್ಮನಿಗೂ ನನ್ನ ನೆನಪಿತ್ತು. 'ಅಕ್ಕಾರ, ಕೈ ಸಡ್ಲ ಬಿಡ್ರಿ, ಇರಿವಿ ಕಡದಂಗ ಅಷ್ಟ' ಎಂದ. ಇಕ್ಕಟ್ಟಿರುವುದು ಇಲ್ಲಿಯೇ: ಸೂಜಿ ಚುಚ್ಚುವ ಕೈ ಬಿಗಿಯಾದರೆ ನೋವು ಹೆಚ್ಚು, ಉಳಿದ ಮೈ ಸಡಿಲವಾದರೆ ನಾನೇ ಇಲ್ಲ. ಎಡಗೈಯನ್ನು ಹಾಸಿಗೆಯ ಮೇಲೆ ಒದ್ದೆ ಬಟ್ಟೆಯಂತೆ ಬಿಟ್ಟು, ಕಾಲು ಮತ್ತು ಹೊಟ್ಟೆಗಳನ್ನು ಮಾತ್ರ ಬಿಗಿಹಿಡಿಯುವುದನ್ನು ಮನೆಯಲ್ಲಿ ಬೇರೆಯಾಗಿಯೇ ಅಭ್ಯಾಸ ಮಾಡಿದ್ದೆ. ಗುಂಯ್ ಸದ್ದು ಬಂತು, ಮುಖ ಬಿಸಿಯಾಯಿತು, ಸದ್ದು ಹಿಂದೆ ಸರಿಯಿತು. ಎಚ್ಚರವಾಗಿಯೇ ಇದ್ದೆ. ಹತ್ತಿ ಒತ್ತಿ ಹಿಡಿದಾಗಲೂ ಅವಸರಪಡದೆ ಐದು ನಿಮಿಷ ಮಲಗಿಯೇ ಇದ್ದೆ, ಏಕೆಂದರೆ ಕೆಲವರು ಎದ್ದ ಮೇಲೆ ಬೀಳುತ್ತಾರೆ.

ಈಗ ಥೈರಾಯ್ಡ್ ಗುಳಿಗೆ ನಡೆದಿದೆ; ರಕ್ತ ಕೊಡುವುದು ನನಗೆ ಇಂದಿಗೂ ಇಷ್ಟದ ಕೆಲಸವಲ್ಲ. ಹೋದ ತಿಂಗಳು, ವೈದ್ಯರ ಒಪ್ಪಿಗೆ ಪಡೆದು, ಅಪ್ಪನಿಗೂ ಇದನ್ನೇ ಕಲಿಸಿ ಶುಗರ್ ತಪಾಸಣೆಗೆ ಕರೆದೊಯ್ದೆ. ಕೆಂಪೇರಿದ ಅವರ ಮುಖವನ್ನೂ ಕಚ್ಚಿದ ಹಲ್ಲನ್ನೂ ನೋಡಿ ಆ ತಮ್ಮ ಸೂಜಿ ಹಿಡಿದು ಹಿಂದೆ ಸರಿದು, 'ಯಾಕ್ರೀ ಅಜ್ಜಾರ, ನನ್ನ ಮ್ಯಾಲ ಸಿಟ್ಟ ಬಂದೈತೇನ್ರಿ?' ಎಂದು ಕೇಳಿದ.